ಬ್ಲಾಗ್ ಶುರು ಮಾಡುವುದು ಸುಲಭ, ನಾಲ್ಕನೇ ಬರಹ ಕಷ್ಟ

ರಾಯಚೂರಿನಲ್ಲಿ ಭಾನುವಾರ ಬೆಳಿಗ್ಗೆ ಕೂಡಿ ಬರವಣಿಗೆ ಕಲಿಯುವ ನಮ್ಮ ಗುಂಪಿಗಾಗಿ ಮಾಡಿದ ಟಿಪ್ಪಣಿ ಇದು. ಬರಲಾಗದವರಿಗೂ ಅರ್ಥವಾಗಲಿ ಅಂತ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಖಾತೆ ತೆರೆಯುವುದು ಹೇಗೆ ಅನ್ನುವುದು ಇಲ್ಲಿಲ್ಲ. ಒಂದು ಇಮೇಲ್ ಇದ್ದರೆ ಅದು ಕೂತಲ್ಲೇ ಮುಗಿಯುವ ಕೆಲಸ. ಬ್ಲಾಗ್ ನಡೆಸಲು ಜಾಗ ಕೊಡುವ ಬ್ಲಾಗರ್ ಅನ್ನುವ ತಾಣ 1999ರಿಂದ ಇದೆ, 2003ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ಅಂಥದ್ದೇ ಇನ್ನೊಂದು, ವರ್ಡ್‌ಪ್ರೆಸ್, ಹುಟ್ಟಿದ್ದೂ 2003ರಲ್ಲೇ. ಎರಡರಲ್ಲೂ ಪುಕ್ಕಟೆ ವಿಳಾಸ ಸಿಗುತ್ತದೆ. ಯಾವುದು ಒಳ್ಳೆಯದು ಅಂತ ವಾರಗಟ್ಟಲೆ ಚರ್ಚೆ ಮಾಡುವವರು ಬರೆಯುವುದನ್ನು ಮುಂದೂಡುತ್ತಿದ್ದಾರೆ ಅಂತಲೇ ನನ್ನ ಲೆಕ್ಕ.

ನಿಲ್ಲುವುದು ಎಲ್ಲಿ?

ನಿಂತುಹೋದ ಬ್ಲಾಗುಗಳನ್ನು ತೆರೆದು ನೋಡಿ. ಮೊದಲ ಬರಹ 'ನಮಸ್ಕಾರ, ಇದು ನನ್ನ ಹೊಸ ಪ್ರಯತ್ನ'. ಎರಡನೆಯದು ಯುಗಾದಿಯದೋ ರಾಜ್ಯೋತ್ಸವದ್ದೋ ಶುಭಾಶಯ. ಮೂರನೆಯದು 'ನಮ್ಮ ಜಿಲ್ಲೆಯ ಇತಿಹಾಸ, ಭಾಗ 1'. ಭಾಗ 2 ಎಲ್ಲೂ ಇರುವುದಿಲ್ಲ. ಹಾಗಂತ ಬರೆದವರು ಸೋಮಾರಿಗಳಲ್ಲ. ಅವರು ಎತ್ತಿಕೊಂಡ ವಿಷಯ ಒಂದು ಸಂಜೆಗೆ ಮುಗಿಯುವಂಥದ್ದಲ್ಲ, ಅಷ್ಟೇ. ಜಿಲ್ಲೆಯಷ್ಟು ದೊಡ್ಡ ವಿಷಯ ತಗೊಂಡರೆ ಎರಡು ದಾರಿ: ವಿಕಿಪೀಡಿಯಾದಲ್ಲಿ ಇರುವುದನ್ನೇ ತಿರುಗಿಸಿ ಬರೆಯುವುದು, ಇಲ್ಲವೇ ಕೈಬಿಡುವುದು. ಮರ್ಯಾದಸ್ಥರು ಕೈಬಿಡುತ್ತಾರೆ.

ವಿಷಯವನ್ನು ಒಡೆಯುವುದು ಹೇಗೆ ಅನ್ನುವುದಕ್ಕೆ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯನ್ನೇ ನೋಡೋಣ. 'ಮಸ್ಕಿ ಶಾಸನ' ಅಂತ ಒಂದೇ ಬರಹ ಮಾಡಿದರೆ ನಾಲ್ಕು ಸಾಲಲ್ಲಿ ಮುಗಿಯುತ್ತದೆ: 1915ರಲ್ಲಿ ಸಿ. ಬೀಡನ್ ಅನ್ನುವವರು ಕಂಡುಹಿಡಿದರು, ಅದರಲ್ಲಿ ಅಶೋಕನ ಹೆಸರಿದೆ, ಮಹತ್ವದ್ದು, ಎಲ್ಲರೂ ನೋಡಬೇಕು. ಇದನ್ನೇ ಒಡೆದು ನೋಡಿ. ಬೀಡನ್ ಚಿನ್ನದ ಗಣಿಯ ಎಂಜಿನಿಯರ್. ಆಗ ರಾಯಚೂರು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಗಣಿಯ ಎಂಜಿನಿಯರ್‌ಗೆ ಮಸ್ಕಿಯ ಗುಡ್ಡದಲ್ಲಿ ಏನು ಕೆಲಸ? ಇಂದಿಗೂ ಚಿನ್ನ ತೆಗೆಯುವ ಹಟ್ಟಿ ಇರುವುದು ಇದೇ ಸೀಮೆಯಲ್ಲಿ ಅಲ್ವಾ? ಇದು ಒಂದು ಬರಹ. ಅಶೋಕನ ಶಾಸನಗಳು ದೇಶದ ತುಂಬ ಇದ್ದರೂ ಹೆಚ್ಚಿನವುಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತ ಬಿರುದು ಮಾತ್ರ ಇದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ ಮೇಲೆ, ಈ ಪ್ರಿಯದರ್ಶಿ ಯಾರು ಅನ್ನುವುದಕ್ಕೆ ಸಿಂಹಳದ ಇತಿಹಾಸ ಗ್ರಂಥಗಳ ಸಾಕ್ಷಿ ಸಿಕ್ಕಿತ್ತು. ಕಲ್ಲಿನ ಮೇಲಿನ ಸಾಕ್ಷಿ ಸಿಕ್ಕಿದ್ದು ಮಸ್ಕಿಯಲ್ಲಿ. ಇದು ಎರಡನೇ ಬರಹ. ಅಶೋಕನ ಹೆಸರು ಬರುವ ಶಾಸನಗಳಲ್ಲಿ ಇನ್ನೆರಡು ಪಕ್ಕದ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳದಲ್ಲಿವೆ. ಕೊಪ್ಪಳದಲ್ಲಿ ಗವಿಮಠದ ಗುಡ್ಡ ಮತ್ತು ಪಾಲ್ಕಿಗುಂಡಿನ ಮೇಲೂ ಅವನ ಶಾಸನಗಳಿವೆ. ಮೂರು ಜಿಲ್ಲೆಗಳಲ್ಲಿ ಇಷ್ಟೊಂದು ಯಾಕೆ? ಇದು ಮೂರನೆಯದು. ಊರಿನ ಹಿರಿಯರು ಆ ಬಂಡೆಯ ಬಗ್ಗೆ ಏನು ಹೇಳುತ್ತಾರೆ? ಅದಕ್ಕೆ ನೀವೇ ಹೋಗಿ ಕೇಳಬೇಕು. ನಾಲ್ಕನೆಯದು ಅದೇ, ಮತ್ತು ಅದು ಬೇರೆ ಯಾರ ಹತ್ತಿರವೂ ಇಲ್ಲದ ಬರಹ.

ಪ್ರಶ್ನೆಗಳ ನೋಟ್‌ಬುಕ್

'ಏನು ಬರೆಯಲಿ?' ಅಂತ ಬರೆಯಲು ಕೂತಾಗ ಯೋಚಿಸಬಾರದು. ಇದೊಂದು ಮಾತಿಗಾಗಿಯೇ ಈ ಟಿಪ್ಪಣಿ ಮಾಡಿದ್ದು ಅಂದರೂ ತಪ್ಪಿಲ್ಲ. ಸಂತೆಗೆ ಹೋಗಿ ಜೋಳ ತರುವುದು, ಗಿರಣಿಗೆ ಹಾಕಿಸುವುದು, ರೊಟ್ಟಿ ಬಡಿಯುವುದು, ಎಲ್ಲ ಒಂದೇ ಗಂಟೆಯಲ್ಲಿ ಆಗುವುದಿಲ್ಲ. ಸಂಗ್ರಹ ಬೇರೆ ಹೊತ್ತಿನ ಕೆಲಸ, ಬರವಣಿಗೆ ಬೇರೆ ಹೊತ್ತಿನದು.

ಸಂಗ್ರಹಕ್ಕೆ ಒಂದು ಸಾದಾ ನೋಟ್‌ಬುಕ್ ಸಾಕು. ಅದರಲ್ಲಿ ನಿಮ್ಮ ವಿಚಾರ ಬರೆಯಬೇಡಿ, ಜನ ಕೇಳಿದ ಪ್ರಶ್ನೆ ಬರೆಯಿರಿ. ಅವರು ಕೇಳಿದ ಮಾತಿನಲ್ಲೇ ಬರೆಯಿರಿ. ನಮ್ಮ ಗುಂಪಿನ ಒಬ್ಬರ ಪುಟದಲ್ಲಿ ಹೀಗಿತ್ತು: 'ಹತ್ತಿ ಒಯ್ದಾಗ ಹಸಿ ಐತಿ ಅಂತ ರೇಟ್ ಯಾಕ ಇಳಸ್ತಾರ್ರೀ?' ಕೇಳಿದ್ದು ಅವರ ಸೋದರಮಾವ. ಅದರ ಕೆಳಗೆ ಎರಡು ಸಾಲು. ಒಂದು, ನನಗೆ ಗೊತ್ತಿರುವುದು. ಇನ್ನೊಂದು, ಯಾರನ್ನು ಕೇಳಬೇಕು.

ಈ ಒಂದು ಪ್ರಶ್ನೆಯಿಂದ ಬರಹ ಹೇಗೆ ಬೆಳೆಯುತ್ತದೆ ನೋಡಿ. ಬೆಂಬಲ ಬೆಲೆಗೆ ಹತ್ತಿ ಕೊಳ್ಳುವ ಸಿಸಿಐ, ಅಂದರೆ ಭಾರತೀಯ ಹತ್ತಿ ನಿಗಮ, ತೇವಾಂಶ ಅಳೆಯುತ್ತದೆ. ಶೇ 8ರವರೆಗೆ ಇದ್ದರೆ ಪೂರ್ತಿ ಬೆಲೆ. 8 ದಾಟಿ 12ರವರೆಗೆ ಇದ್ದರೆ ತೇವಾಂಶಕ್ಕೆ ತಕ್ಕ ಹಾಗೆ ಬೆಲೆ ಕಡಿಮೆ ಮಾಡುತ್ತಾರೆ. 12 ದಾಟಿದರೆ ತಗೊಳ್ಳುವುದೇ ಇಲ್ಲ. ಯಾಕೆ ಅಂದರೆ ಹಸಿ ಹತ್ತಿಯ ತೂಕದಲ್ಲಿ ನೀರಿನ ಪಾಲೂ ಸೇರಿರುತ್ತದೆ, ಜಿನ್ನಿಂಗ್ ಮಿಲ್ಲಿನಲ್ಲಿ ಬೀಜ ಬಿಡಿಸುವುದು ಕಷ್ಟ, ದಾಸ್ತಾನಿಟ್ಟರೆ ಬಣ್ಣ ಕೆಡುತ್ತದೆ. ಇಬ್ಬನಿ ಇರುವಾಗಲೇ ಬಿಡಿಸಿ ಚೀಲಕ್ಕೆ ತುಂಬಿದರೆ ಏನಾಗುತ್ತದೆ ಅಂತ ಇನ್ನೆರಡು ಸಾಲು ಸೇರಿಸಿ. ಮುನ್ನೂರು ಪದ ಆಯ್ತು. ಹತ್ತಿ ಬರುವ ಹಂಗಾಮಿನಲ್ಲಿ ಇದನ್ನು ಹುಡುಕಿ ಓದುವವರು ಇದ್ದೇ ಇರುತ್ತಾರೆ. 'ಕೃಷಿಯ ಮಹತ್ವ' ಅಂತ ಬರೆದರೆ ಸೋದರಮಾವ ಕೂಡ ಓದುವುದಿಲ್ಲ.

ಇನ್ನೊಂದು ಉದಾಹರಣೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಸುದ್ದಿ ಎಲ್ಲ ಪತ್ರಿಕೆಯಲ್ಲೂ ಬಂತು. ಆದರೆ ಸಿಂಧನೂರು, ಮಾನ್ವಿ ಕಡೆ ಚಹಾದಂಗಡಿಯಲ್ಲಿ ಜನ ಕೇಳುತ್ತಿದ್ದ ಪ್ರಶ್ನೆಗಳು ಬೇರೆ. ಈ ಸ್ಟಾಪ್ ಲಾಗ್ ಅಂದರೆ ಏನು? ನಮ್ಮ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬರುತ್ತದಾ? ಎರಡನೇ ಬೆಳೆ ಹಾಕಬಹುದಾ? ಗೇಟಿನ ಎರಡೂ ಕಡೆಯ ಕಂಬಗಳಲ್ಲಿರುವ ಸೀಳಿನಲ್ಲಿ ದಪ್ಪ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರು ತಡೆಯುವುದೇ ಸ್ಟಾಪ್ ಲಾಗ್. ಒಂದು ವಾರದ ಹೊತ್ತಿಗೆ ಹಾಗೆಯೇ ತಡೆದರು. ಒಂದು ಚಿತ್ರ ಬರೆದು ಇಷ್ಟನ್ನು ಹೇಳಿದ್ದರೆ ಅದೇ ಒಳ್ಳೆಯ ಬ್ಲಾಗ್ ಬರಹ. ಸುದ್ದಿಯಲ್ಲಿ ಪತ್ರಿಕೆಯ ಜೊತೆ ಓಡಲು ನಮ್ಮಿಂದ ಆಗದು. ಸುದ್ದಿ ಹೋದ ಮೇಲೆ ಉಳಿದ ಪ್ರಶ್ನೆ ನಮ್ಮದು.

ಮೂಡ್ ಬರಲಿ ಅಂತ ಕಾಯಬೇಕಾ?

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ರಾಬರ್ಟ್ ಬಾಯ್ಸ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1983ರಲ್ಲಿ ಪ್ರಕಟಿಸಿದ ಅಧ್ಯಯನ. ಬರೆಯಲು ಒದ್ದಾಡುತ್ತಿದ್ದ ಕಾಲೇಜು ಅಧ್ಯಾಪಕರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ತುರ್ತು ಇದ್ದರೆ ಬಿಟ್ಟು ಬರೆಯಲೇಬೇಡಿ ಅಂದರು. ಇನ್ನೊಂದಕ್ಕೆ ಮನಸ್ಸು ಬಂದಾಗ ಬರೆಯಿರಿ ಅಂದರು. ಮೂರನೆಯದಕ್ಕೆ ದಿನಾ ಬರೆಯಲೇಬೇಕು, ತಪ್ಪಿದರೆ ನಿಮಗಾಗದ ಸಂಸ್ಥೆಗೆ ನಿಮ್ಮ ದುಡ್ಡು ಹೋಗುತ್ತದೆ ಅಂತ ಕಟ್ಟುಹಾಕಿದರು. ಈ ಕಟ್ಟುಪಾಡಿಗೆ ಸಿಕ್ಕವರು ಪುಟಗಳನ್ನು ಜಾಸ್ತಿ ಬರೆದರು, ಅದರಲ್ಲಿ ಆಶ್ಚರ್ಯ ಇಲ್ಲ. ಹೊಸ ವಿಚಾರಗಳೂ ಅವರಿಗೇ ಹೆಚ್ಚು ಹೊಳೆದವು. ಅವರಿಗೆ ಹೆಚ್ಚುಕಡಿಮೆ ದಿನಕ್ಕೊಂದು, ಮನಸ್ಸು ಬಂದಾಗ ಬರೆದವರಿಗೆ ಎರಡು ದಿನಕ್ಕೊಂದು, ಬರೆಯದೇ ಇದ್ದವರಿಗೆ ಐದು ದಿನಕ್ಕೊಂದು. ದಂಡ ಕಟ್ಟುವ ಪದ್ಧತಿ ನಮ್ಮ ಗುಂಪಿನಲ್ಲಿ ಬೇಡ, ಜಗಳ ಆಗುತ್ತದೆ. ಹೊತ್ತು ಗೊತ್ತು ಮಾಡಿಕೊಳ್ಳುವುದನ್ನು ಮಾತ್ರ ಇಲ್ಲಿಂದ ತಗೊಳ್ಳೋಣ.

ಆ ಹೊತ್ತನ್ನು ಗೊತ್ತು ಮಾಡುವುದರಲ್ಲೂ ಒಂದು ರೀತಿ ಇದೆ. ಪೀಟರ್ ಗೋಲ್‌ವಿಟ್ಸರ್ ಅನ್ನುವ ಸಂಶೋಧಕರು ತೋರಿಸಿದ್ದು ಇದು: 'ಈ ವಾರ ಬರೆಯುತ್ತೇನೆ' ಅನ್ನುವವರಿಗಿಂತ, ಯಾವಾಗ, ಎಲ್ಲಿ, ಏನಾದ ಮೇಲೆ ಅಂತ ಮೊದಲೇ ಹೇಳಿಕೊಂಡವರು ಕೆಲಸ ಮುಗಿಸುವುದು ಹೆಚ್ಚು. 'ಗುರುವಾರ ಬೆಳಿಗ್ಗೆ, ನೀರು ತುಂಬಿಟ್ಟ ಮೇಲೆ, ಅಡುಗೆಮನೆಯ ಕಟ್ಟೆಯ ಮೇಲೆ ಕೂತು' ಅಂತ ನಮ್ಮ ಗುಂಪಿನ ಒಬ್ಬ ಅಕ್ಕ ಬರೆದುಕೊಂಡಿದ್ದಾರೆ. ಇಷ್ಟು ಸ್ಪಷ್ಟ ಇರಬೇಕು. ಇನ್ನೊಂದು ಮಾತು: ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಮಧ್ಯಾಹ್ನ ಬರೆಯುತ್ತೇನೆ ಅನ್ನುವುದನ್ನು ಯಾರೂ ನಂಬಬೇಡಿ. 42 ಡಿಗ್ರಿಯಲ್ಲಿ, ಕರೆಂಟ್ ಹೋದಾಗ, ಬರೆಯುವುದು ಬಿಡಿ, ಬರೆದದ್ದನ್ನು ಓದಲೂ ಆಗುವುದಿಲ್ಲ.

21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅನ್ನುವ ಮಾತು ವಾಟ್ಸಾಪ್‌ನಲ್ಲಿ ತಿರುಗುತ್ತಲೇ ಇರುತ್ತದೆ. ಅದು 1960ರಲ್ಲಿ ಒಬ್ಬ ಪ್ಲಾಸ್ಟಿಕ್ ಸರ್ಜನ್ ತಮ್ಮ ರೋಗಿಗಳನ್ನು ನೋಡಿ ಬರೆದದ್ದು. ಅವರ ಪ್ರಕಾರ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆ ಅಂದರೂ ಅಷ್ಟು ದಿನ ಬೇಕಿತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆ. ಸುಮಾರು 66 ದಿನ. ಕೆಲವರಿಗೆ 18, ಕೆಲವರಿಗೆ 254 (12 ವಾರ ದಾಟಿದ್ದು ಅಂದಾಜು ಲೆಕ್ಕ). ಅದೂ ನೀರು ಕುಡಿಯುವುದು, ಹಣ್ಣು ತಿನ್ನುವುದು, ಸ್ವಲ್ಪ ಓಡುವುದು ಇಂಥವಕ್ಕೆ. ಬರೆಯುವುದು ಅದಕ್ಕಿಂತ ಭಾರದ ಕೆಲಸ, ಹಾಗಾಗಿ 66ನ್ನು ವ್ರತ ಮಾಡಿಕೊಳ್ಳಬೇಡಿ. ನಮಗೆ ಬೇಕಾದ ಮಾತು ಆ ಅಧ್ಯಯನದಲ್ಲಿ ಇನ್ನೊಂದಿದೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ.

ವ್ಯೂಸ್ ನೋಡುವ ಚಟ

ಹುರುಪು ಇಳಿಯುವುದು ಬರೆಯಲಾಗದೆ ಅಲ್ಲ, ಎಷ್ಟೋ ಸಲ ಬರೆದ ಮೇಲೆ ಎಷ್ಟು ಜನ ನೋಡಿದರು ಅನ್ನುವ ಅಂಕಿ ಕಂಡು. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಒಂದು ಪ್ರಯೋಗ ಪ್ರಕಟಿಸಿದರು. ಸ್ಕೆಚ್ ಪೆನ್ನಿನಿಂದ ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳು. ಕೆಲವರಿಗೆ 'ಬಿಡಿಸಿದರೆ ಬಂಗಾರದ ನಕ್ಷತ್ರದ ಸರ್ಟಿಫಿಕೇಟ್ ಕೊಡುತ್ತೇವೆ' ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಉಳಿದವರಿಗೆ ಕೊಡಲೇ ಇಲ್ಲ. ಆಮೇಲೆ ಸುಮ್ನೆ ಪೆನ್ನು ಇಟ್ಟು ನೋಡಿದಾಗ, ಬಹುಮಾನದ ಆಸೆಗೆ ಬಿಡಿಸಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಬಿಡಿಸಿದರು. ಮೊದಲೇ ಹೇಳಿಸಿಕೊಳ್ಳದೆ ಬಹುಮಾನ ಪಡೆದವರಲ್ಲಿ ಆಸಕ್ತಿ ಕುಗ್ಗಿರಲಿಲ್ಲ.

ಜಾಹೀರಾತಿನ ದುಡ್ಡು ಬರುತ್ತದೆ ಅಂತ ಬ್ಲಾಗ್ ಶುರು ಮಾಡುವವರು ಇದನ್ನು ಎರಡು ಸಲ ಓದಲಿ. ದುಡ್ಡು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಬಂದರೆ ಯಾರು ಬೇಡ ಅಂತಾರೆ? ಆದರೆ ಮೊದಲ ತಿಂಗಳುಗಳಲ್ಲಿ ದುಡ್ಡೂ ಇಲ್ಲ, ವ್ಯೂಸೂ ಇಲ್ಲ. ಅವೇ ಕಾರಣವಾಗಿದ್ದರೆ ಬರೆಯಲು ಬೇರೆ ಕಾರಣ ಉಳಿಯುವುದಿಲ್ಲ. ಅಂಕಿಅಂಶದ ಪುಟ ತಿಂಗಳಿಗೊಮ್ಮೆ ತೆರೆಯಿರಿ. ಅಲ್ಲೂ ಎಷ್ಟು ಜನ ಅಂತ ನೋಡುವುದಕ್ಕಿಂತ, ಯಾವ ಪದ ಹುಡುಕಿ ಬಂದರು ಅಂತ ನೋಡಿ. ಅದು ನೋಟ್‌ಬುಕ್ಕಿಗೆ ಹೋಗಬೇಕಾದ ಪ್ರಶ್ನೆ.

ವಾಟ್ಸಾಪ್ ಗುಂಪುಗಳಿಗೆ ಲಿಂಕ್ ಎಸೆದರೆ 'ಸೂಪರ್ ಸರ್', ಎರಡು ಹೆಬ್ಬೆಟ್ಟು ಬರುತ್ತವೆ. ಓದಿರುವುದಿಲ್ಲ. ಅದರ ಬದಲು ಪ್ರಶ್ನೆ ಕೇಳಿದವರಿಗೇ ಕಳಿಸಿ: 'ಮಾವಾ, ಅವತ್ತು ಹತ್ತಿ ಬಗ್ಗೆ ಕೇಳಿದ್ರಲ್ಲ, ಇಲ್ಲಿ ಬರದೀನಿ, ತಪ್ಪಿದ್ರ ಹೇಳ್ರಿ.' ಅವರು ಹೇಳುತ್ತಾರೆ. ಬಹಳ ಸಲ ತಪ್ಪನ್ನೇ ಹೇಳುತ್ತಾರೆ, ಇನ್ನೂ ಒಳ್ಳೆಯದು.

ಕನ್ನಡದ್ದೇ ಎರಡು ತೊಡಕು

ಒಂದು, ಅಕ್ಷರ. ಡಿಟಿಪಿ ಅಂಗಡಿಯಲ್ಲಿ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ಹಾಗೇ ಬ್ಲಾಗಿಗೆ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದಂಥವು. ಫಾಂಟ್ ಇಲ್ಲದ ಮೊಬೈಲಿಗೆ ಅದು ಕನ್ನಡ ಅಂತ ಗೊತ್ತೇ ಆಗುವುದಿಲ್ಲ, ಗೂಗಲ್‌ಗೂ ಸಿಗುವುದಿಲ್ಲ. ಯುನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಪದ್ಧತಿಯಲ್ಲಿ, ಕನ್ನಡಕ್ಕೆ ಅದರದೇ ಜಾಗ ಇದೆ. ಮೊಬೈಲ್ ಕೀಬೋರ್ಡುಗಳೆಲ್ಲ ಯುನಿಕೋಡ್‌ನವೇ. ಹಳೆಯ ಕಡತ ಇದ್ದರೆ ಪುಕ್ಕಟೆ ಪರಿವರ್ತಕಗಳಿವೆ, ಆದರೆ ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಒಮ್ಮೆ ಕಣ್ಣಾಡಿಸಿ.

ಎರಡು, ವಿಳಾಸ. ಬ್ಲಾಗರ್‌ನಲ್ಲಿ ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಬರಹದ ವಿಳಾಸ ಬರೀ 'ಬ್ಲಾಗ್-ಪೋಸ್ಟ್' ಅಂತ ಇಂಗ್ಲಿಷಿನಲ್ಲಿ ಬರುತ್ತದೆ, ಮುಂದಿನದಕ್ಕೆ ಅದರ ಕೊನೆಗೆ ಒಂದು ಸಂಖ್ಯೆ. ವರ್ಡ್‌ಪ್ರೆಸ್ಸಿನಲ್ಲಿ ಲಿಂಕ್ ಕಾಪಿ ಮಾಡಿದರೆ ಶೇಕಡಾ ಗುರುತುಗಳ ಸರಪಳಿ. ಪ್ರಕಟಿಸುವ ಮುಂಚೆಯೇ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ನೀವೇ ಕೊಡಿ.

ಉಳಿದ ಸೆಟ್ಟಿಂಗ್ಸ್, ಬಣ್ಣ, ಥೀಮ್ ಯಾವುದಕ್ಕೂ ಈಗ ಕೈ ಹಾಕಬೇಡಿ. ಒಂದನ್ನು ಮಾತ್ರ ಕಲಿಯಿರಿ: ದಿನ ಗೊತ್ತು ಮಾಡಿ ಪ್ರಕಟಿಸುವುದು. ನಾಟಿ, ಕೊಯ್ಲು, ಜಾತ್ರೆ, ಮಕ್ಕಳ ಪರೀಕ್ಷೆ ನಡುವೆ ಬಂದೇ ಬರುತ್ತವೆ. ಆ ವಾರಗಳಿಗೆ ಅಂತ ಎರಡು ಬರಹ ಬರೆದಿಟ್ಟು ತಾರೀಖು ಕೊಟ್ಟುಬಿಡಿ. ಅದೂ ಆಗದೆ ಎರಡು ತಿಂಗಳು ಬಿಟ್ಟುಹೋಯಿತು ಅಂದುಕೊಳ್ಳಿ. 'ಕ್ಷಮಿಸಿ, ಕೆಲಸದ ಒತ್ತಡದಿಂದ ಬರೆಯಲಾಗಲಿಲ್ಲ' ಅಂತ ಒಂದು ಬರಹ ಹಾಕಬೇಡಿ. ಓದುಗರಿಗೆ ಅದು ಬೇಕಿಲ್ಲ. ನೇರ ನೋಟ್‌ಬುಕ್ಕಿನ ಮುಂದಿನ ಪ್ರಶ್ನೆಗೆ ಹೋಗಿ.

ಮುಂದಿನ ಭಾನುವಾರ ಬರುವಾಗ ಬರಹ ತರುವುದು ಬೇಡ, ಮೂರು ಪ್ರಶ್ನೆ ತನ್ನಿ. ನಿಮ್ಮವಲ್ಲ, ಬೇರೆಯವರು ಕೇಳಿದ್ದು. ಯಾರು ಕೇಳಿದರು ಅಂತಲೂ ಬರೆದಿರಲಿ. ಒಂದನ್ನು ಅಲ್ಲೇ ಒಡೆದು ನೋಡೋಣ.