'ಸೊಂಟದಿಂದ ಬಾಗಿ' ಅಂದರೆ ಎಲ್ಲಿಂದ? ನೋವಿಗೆ ಆಸನಗಳು: ನನ್ನ ಟಿಪ್ಪಣಿ

ಯೋಗ ತರಬೇತಿಯಲ್ಲಿ ಈಗ 'ಯಾವ ತೊಂದರೆಗೆ ಯಾವ ಆಸನ' ಅನ್ನುವ ಭಾಗ ನಡೆಯುತ್ತಿದೆ. ಪಟ್ಟಿ ಬಾಯಿಪಾಠ ಮಾಡುವುದು ಕಷ್ಟವಲ್ಲ. ನಾನು ಎಡವಿದ್ದು ಬೇರೆ ಕಡೆ. ಆಸನಗಳನ್ನು ಮಾಡುವ ಪೂರ್ತಿ ಕ್ರಮ ನಿಮಗೂ ಗೊತ್ತಿರುತ್ತದೆ, ಹಾಗಾಗಿ ಅದನ್ನು ಬಿಟ್ಟಿದ್ದೇನೆ.

ಬೆನ್ನುನೋವು

ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನಕ್ಕೆ 'ಸೊಂಟದಿಂದ ಬಾಗಿ' ಅಂತ ಹೇಳಿಕೊಡುತ್ತಾರೆ. ಮೂರು ವಾರ ಹಾಗೇ ಬಾಗಿದೆ. ಮೂಗು ಮಂಡಿಯ ಹತ್ತಿರ ಬಂತು, ಖುಷಿಯಾಯಿತು. ಜೊತೆಗೆ ಬೆನ್ನಿನ ಕೆಳಭಾಗ ಹಿಡಿದುಕೊಂಡಿತು. ಬೆನ್ನುನೋವಿಗೆ ಮದ್ದು ಕಲಿಯಲು ಹೋಗಿ ಬೆನ್ನುನೋವನ್ನೇ ತಂದುಕೊಂಡೆ.

ಎಡವಟ್ಟು ಆಗಿದ್ದು 'ಸೊಂಟ' ಅನ್ನುವ ಮಾತಿನಲ್ಲಿ. ಬೆಲ್ಟ್ ಕಟ್ಟುವ ಜಾಗವೂ ಸೊಂಟ, ಮಗುವನ್ನು ಎತ್ತಿಕೊಳ್ಳುವ ಜಾಗವೂ ಸೊಂಟ, ಹಿಂದೆ ನೋಯುವ ಜಾಗವೂ ಸೊಂಟವೇ ಅಲ್ವಾ? ನಾನು ಬೆಲ್ಟಿನ ಜಾಗದಲ್ಲಿ ಮಡಚುತ್ತಿದ್ದೆ. ಅಲ್ಲಿರುವುದು ಬೆನ್ನುಮೂಳೆಯ ಕೆಳಗಿನ 5 ಮಣಿಗಳು, ನಡುನಡುವೆ ಮೆತ್ತೆಯಂಥ ಡಿಸ್ಕ್‌ಗಳು. ಬಾಗಬೇಕಾದ್ದು ಅದಕ್ಕಿಂತ ಸುಮಾರು ಅರ್ಧ ಗೇಣು ಕೆಳಗೆ, ತೊಡೆಯ ಮೂಳೆ ಬಂದು ಸೇರುವ ಕೀಲಿನಲ್ಲಿ. ಮುಂದಿನಿಂದ ಗುರುತು ಬೇಕೆಂದರೆ ತೊಡೆಸಂದು. ಈಗ ನನ್ನ ನೋಟ್ಸಿನಲ್ಲಿ ಎಲ್ಲೆಲ್ಲಿ 'ಸೊಂಟದಿಂದ' ಅಂತ ಇದೆಯೋ ಅಲ್ಲೆಲ್ಲ ಹೊಡೆದುಹಾಕಿ 'ತೊಡೆಸಂದಿನಿಂದ' ಅಂತ ಬರೆದಿದ್ದೇನೆ.

ಹೀಗೆ ಪರೀಕ್ಷಿಸಿ. ನಿಂತುಕೊಂಡು ಎರಡೂ ಕೈಯ ಬೆರಳ ತುದಿಗಳನ್ನು ತೊಡೆಸಂದಿಗೆ ಒತ್ತಿ ಹಿಡಿಯಿರಿ. ಮಂಡಿ ಸ್ವಲ್ಪ ಸಡಿಲವಾಗಿರಲಿ. ಹಿಂದೆ ಒಂದು ಬಾಗಿಲಿದೆ, ಕೈಯಲ್ಲಿ ಸಾಮಾನಿದೆ, ಹಿಂಭಾಗದಿಂದಲೇ ಆ ಬಾಗಿಲನ್ನು ತಳ್ಳಬೇಕು ಅಂದುಕೊಂಡು ಬಾಗಿ. ಬೆರಳು ಮಡಿಕೆಯಲ್ಲಿ ಸಿಕ್ಕಿಕೊಂಡರೆ ಸರಿ. ಬೆರಳು ಸಿಕ್ಕಿಕೊಳ್ಳದೆ ಹೊಟ್ಟೆ ಮಾತ್ರ ಮಡಚಿದರೆ ಅದು ನನ್ನ ಹಳೇ ತಪ್ಪು.

ಅನುಮಾನ ಇದ್ದರೆ ಉದ್ದನೆಯ ಕೋಲೊಂದನ್ನು ಬೆನ್ನಿಗೆ ಹಿಡಿಯಿರಿ. ಅದು ತಲೆಯ ಹಿಂಭಾಗ, ಭುಜಗಳ ನಡು, ಬಾಲಮೂಳೆಯ ಮೇಲ್ಭಾಗ, ಮೂರಕ್ಕೂ ತಾಗಿರಬೇಕು. ಬಾಗುವಾಗ ಒಂದು ಬಿಟ್ಟರೂ ಅವತ್ತಿನ ಮಿತಿ ಅಷ್ಟೇ. ಮೊದಲ ದಿನ ನಾನು ಹಿರಿಯರ ಮುಂದೆ ವಿನಯ ತೋರಿಸುವಷ್ಟು ಬಾಗಿದ್ದೆ, ಅಷ್ಟಕ್ಕೇ ಕೋಲು ಬಿಟ್ಟುಕೊಂಡಿತು!

ಕೂತಾಗ ಇದು ಇನ್ನೂ ಕಷ್ಟ. ತೊಡೆಯ ಹಿಂದಿನ ಸ್ನಾಯುಗಳು ಮೇಲ್ತುದಿಯಲ್ಲಿ, ಕೂತಾಗ ನೆಲಕ್ಕೆ ಒತ್ತುವ ಮೂಳೆಗೆ ಅಂಟಿಕೊಂಡಿರುತ್ತವೆ. ಅವು ಬಿಗಿಯಾಗಿದ್ದರೆ ಆ ಮೂಳೆಯನ್ನು ಜಗ್ಗಿ ಹಿಡಿಯುತ್ತವೆ, ಕೀಲು ತಿರುಗುವುದಿಲ್ಲ. ನಾವು ಹಟ ಹಿಡಿದರೆ ಬೆನ್ನು ಗೂನಾಗುತ್ತದೆ. ಅದಕ್ಕೆ ಮಡಚಿದ ಕಂಬಳಿಯ ಮೇಲೆ ಕೂತು, ಮಂಡಿ ಸ್ವಲ್ಪ ಮಡಚಿ ಬಾಗಿ. ಮಂಡಿ ಮಡಚಿದರೆ ಆಸನ ಕೆಟ್ಟಿತು ಅಂತ ನಾನು ಸುಮ್ನೆ ಇಷ್ಟು ದಿನ ಒದ್ದಾಡಿದೆ. ಎಳೆತ ತೊಡೆಯ ಹಿಂದೆ ಗೊತ್ತಾಗಬೇಕು, ಬೆನ್ನಿನಲ್ಲಿ ಅಲ್ಲ. ಮೂಗು ಎಲ್ಲಿದ್ದರೂ ಪರವಾಗಿಲ್ಲ.

ಇನ್ನೊಂದು: ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಕೂಡಲೇ ಜಾಸ್ತಿ ಬಾಗಿದರೆ ಅವುಗಳ ಮೇಲೆ ಒತ್ತಡವೂ ಜಾಸ್ತಿ. ಸ್ವಲ್ಪ ಓಡಾಡಿ ಆಮೇಲೆ ಮಾಡಿ.

ನೋವು ಕಾಲಿಗೂ ಇಳಿಯುತ್ತಿದ್ದರೆ ಮುಂದಕ್ಕೆ ಬಾಗುವುದನ್ನು ಬಿಟ್ಟು ಮೊದಲು ವೈದ್ಯರಿಗೆ ತೋರಿಸಿ. ಅವರು ಒಪ್ಪಿದರೆ ಬೋರಲು ಮಲಗಿ, ಮೊಣಕೈ ಊರಿ ಎದೆ ಎತ್ತುವ ಮೆತ್ತಗಿನ ಭುಜಂಗಾಸನ ಮಾಡಬಹುದು. ನೋವು ಕಾಲನ್ನು ಬಿಟ್ಟು ಬೆನ್ನಿನ ಕಡೆ ಸರಿದರೆ ಒಳ್ಳೆಯ ಸೂಚನೆ, ಕೆಳಕ್ಕೆ ಇಳಿದರೆ ಅಲ್ಲಿಗೇ ನಿಲ್ಲಿಸಿ. ವಯಸ್ಸಾದವರಲ್ಲಿ ನರದ ದಾರಿ ಕಿರಿದಾಗಿದ್ದರೆ ಹಿಂದಕ್ಕೆ ಬಾಗಿದಾಗಲೇ ನೋವು ಜಾಸ್ತಿಯಾಗುತ್ತದೆ. ಒಂದೇ 'ಬೆನ್ನುನೋವು', ಆದರೆ ಆಸನ ಉಲ್ಟಾ. ಕಾಲು ಮರಗಟ್ಟಿ ಬಲ ಹೋಗುತ್ತಿದ್ದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ ಚಾಪೆ ಹಾಸಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಮಾರ್ಗಸೂಚಿ ತಂದಿತು. ಬಹುಕಾಲದ ಕೆಳಬೆನ್ನಿನ ನೋವಿಗೆ ಔಷಧಿಗಿಂತ ಮೊದಲು ಪ್ರಯತ್ನಿಸಬಹುದಾದವುಗಳಲ್ಲಿ ಯೋಗವೂ ಅದರಲ್ಲಿದೆ. ತರಬೇತಿಯ ಪರೀಕ್ಷೆಗೆ ಇಷ್ಟು ಬರೆಯಬಹುದು. 'ಡಿಸ್ಕ್ ಸರಿಹೋಗುತ್ತದೆ' ಅಂತ ಮಾತ್ರ ಬರೆಯಬೇಡಿ.

ಗ್ಯಾಸ್, ಮಲಬದ್ಧತೆ

ಪವನಮುಕ್ತಾಸನ, ಅಂದರೆ ಅಂಗಾತ ಮಲಗಿ ಮಡಚಿದ ಕಾಲನ್ನು ಹೊಟ್ಟೆಗೆ ಒತ್ತಿ ಹಿಡಿಯುವುದು. ಮೊದಲು ಬಲಗಾಲು, ಆಮೇಲೆ ಎಡಗಾಲು, ಕೊನೆಗೆ ಎರಡೂ. ದೊಡ್ಡ ಕರುಳು ಹೊಟ್ಟೆಯ ಬಲಗಡೆ ಮೇಲೇರಿ, ಅಡ್ಡ ಹಾದು, ಎಡಗಡೆ ಇಳಿಯುತ್ತದೆ, ಅದಕ್ಕೇ ಈ ಕ್ರಮ. 'ಬಲ ಏರು, ಎಡ ಇಳಿ' ಅಂತ ನೆನಪಿಟ್ಟಿದ್ದೇನೆ. ಕಾಲು ಹಿಂದುಮುಂದಾದರೆ ಗಾಳಿ ಮುನಿಸಿಕೊಳ್ಳುತ್ತದೆ ಅಂತ ನನಗೇನೂ ಅನ್ನಿಸುವುದಿಲ್ಲ. ಆದರೆ ಪರೀಕ್ಷೆಯಲ್ಲಿ ಕೇಳುತ್ತಾರೆ.

ಎದೆಯುರಿ, ಹುಳಿತೇಗು

ಇದನ್ನೂ ಗ್ಯಾಸ್ ಅಂತಲೇ ಕರೆಯುತ್ತೇವೆ, ಹಾಗಾಗಿ ಪವನಮುಕ್ತಾಸನವನ್ನೇ ಬರೆದುಬಿಡುವ ಅಪಾಯ ಇದೆ. ಹೊಟ್ಟೆ ಒತ್ತಿದರೆ ಆಮ್ಲ ಮೇಲಕ್ಕೇ ಬರುತ್ತದೆ. ಊಟವಾದ ಮೇಲೆ ಬಾಗುವ, ತಲೆಕೆಳಗಾಗುವ ಆಸನ ಯಾವುದೂ ಬೇಡ. ವಜ್ರಾಸನದಲ್ಲಿ ನೆಟ್ಟಗೆ ಕೂರಬಹುದು. ಮಂಡಿ ನೋಯುತ್ತಿದ್ದರೆ ಕುರ್ಚಿಯಲ್ಲಿ ನೆಟ್ಟಗೆ ಕೂತರೂ ಆಯಿತು. ಮಲಗುವಾಗ ಎಡಮಗ್ಗುಲು.

ತಲೆನೋವು, ನೆಗಡಿ

ಭ್ರಾಮರಿ (ದುಂಬಿಯ ಹಾಗೆ ಗುಂಯ್ ಅನ್ನುತ್ತಾ ಉಸಿರು ಬಿಡುವ ಪ್ರಾಣಾಯಾಮ), ಶವಾಸನ. ಮೂಗು ಕಟ್ಟಿದಾಗ ಉಸಿರು ಬಿಗಿ ಹಿಡಿಯುವುದು ಬೇಡ. ಬಿ.ಪಿ. ಜಾಸ್ತಿ ಇರುವವರಿಗೆ, ಗ್ಲಾಕೋಮಾ ಅನ್ನುವ ಕಣ್ಣಿನ ತೊಂದರೆ ಇರುವವರಿಗೆ ಸರ್ವಾಂಗಾಸನ, ಶೀರ್ಷಾಸನ ಬೇಡ.

ನಿದ್ದೆ ಬಾರದಿದ್ದರೆ, ಕಾಲು ಊದಿದರೆ

ಗೋಡೆಗೆ ಕಾಲೇರಿಸಿ 5ರಿಂದ 10 ನಿಮಿಷ ಮಲಗುವುದು. ದಿನವಿಡೀ ನಿಂತು ಕಾಲು ಭಾರವಾದಾಗ ಹಾಯೆನಿಸುತ್ತದೆ. ಊತ ಒಂದೇ ಕಾಲಿಗೆ, ಇದ್ದಕ್ಕಿದ್ದ ಹಾಗೆ ಬಂದಿದ್ದರೆ ಮೊದಲು ವೈದ್ಯರು. ಹಿಂಭಾಗ ಗೋಡೆಗೆ ತಾಗಿಯೇ ಇರಬೇಕು ಅಂತೇನಿಲ್ಲ. ಹಾಗೆ ಮಾಡಿದಾಗ ನನ್ನ ತೊಡೆಯ ಹಿಂಭಾಗ ಬಿಗಿದು, ಬಾಲಮೂಳೆ ನೆಲಬಿಟ್ಟು ಎದ್ದು, ಬೆನ್ನು ಮತ್ತೆ ಅದೇ ಹಳೇ ಬೆಲ್ಟಿನ ಜಾಗದಲ್ಲಿ ಮಡಚಿಕೊಂಡಿತ್ತು. ಒಂದು ಗೇಣು ದೂರ ಸರಿದೆ, ಬಾಲಮೂಳೆ ನೆಲಕ್ಕೆ ಕೂತಿತು.