ನಕಾಶೆ ಬೇಗ ಆಗುತ್ತದೆ, ಟಿಪ್ಪಣಿ ಆಗುವುದಿಲ್ಲ

ನಮ್ಮ ಸರ್ವೆ ಕಸುಬಿನಲ್ಲಿ ಟಿಪ್ಪಣಿ ಅಂದರೆ ಬರಹ ಅಲ್ಲ, ಚಿತ್ರ. ಒಂದು ಸರ್ವೆ ನಂಬರಿನ ಹೊಲ ಅಳೆದು, ಸರಪಳಿ-ಆಣೆ ಲೆಕ್ಕದಲ್ಲಿ ಕೈಯಿಂದ ಬರೆದ ಹಳೆಯ ಚಿತ್ರ. 33 ಅಡಿಗೆ ಒಂದು ಸರಪಳಿ, ಒಂದು ಸರಪಳಿಗೆ 16 ಆಣೆ. ಚಿತ್ರ ಸೊಟ್ಟಗಿರುತ್ತದೆ, ಹೊಲದ ನಿಜವಾದ ಆಕಾರಕ್ಕೂ ಅದಕ್ಕೂ ಅಷ್ಟಕ್ಕಷ್ಟೇ. ಆದರೂ ಬಾಂದಿನ, ಅಂದರೆ ಹೊಲದ ಗಡಿಯ, ಜಗಳ ಬಂದಾಗ ನಾವು ಹುಡುಕುವುದು ಅದನ್ನೇ. ಯಾಕೆಂದರೆ ಗೆರೆಯ ಪಕ್ಕ ಯಾರೋ ಹೊಲದಲ್ಲಿ ನಿಂತು ಬರೆದ ಅಂಕಿ ಅಲ್ಲಿದೆ.

ನಾನು ವಿಜಯಪುರದಲ್ಲಿ ಲೈಸೆನ್ಸ್ ಇರುವ ಸರ್ವೇಯರ್. ಕೆಲವು ವರ್ಷಗಳಿಂದ ಸಂಜೆ ಹೊತ್ತು ಶಾಲೆ ಮಾಸ್ತರರಿಗೆ, ಕಾಲೇಜು ಹುಡುಗ-ಹುಡುಗಿಯರಿಗೆ ಡಿಜಿಟಲ್ ನಕಾಶೆ ಮಾಡುವುದನ್ನು ಹೇಳಿಕೊಡುತ್ತಿದ್ದೇನೆ. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಯಾವುದೂ ಇಲ್ಲ. ಹಿಂದಿನ ಬೇಸಿಗೆಯಲ್ಲಿ ಹನ್ನೊಂದು ಜನ ಸೇರಿ ಊರಿನ ಬಾವಡಿಗಳ, ಅಂದರೆ ಮೆಟ್ಟಿಲಿಳಿದು ಹೋಗುವ ಹಳೆಯ ಬಾವಿಗಳ, ನಕಾಶೆ ಮಾಡಲು ಕೂತೆವು. ತಾಜ್ ಬಾವಡಿ, ಚಾಂದ್ ಬಾವಡಿ, ಇಬ್ರಾಹಿಂಪುರ ಬಾವಡಿ ಎಲ್ಲರಿಗೂ ಗೊತ್ತು. ಓಣಿಗಳ ಒಳಗೆ ಇರುವ ಸಣ್ಣವು ಆ ಓಣಿಯವರಿಗೆ ಮಾತ್ರ ಗೊತ್ತು.

ಮೊದಲ ದಿನ ಎರಡು ತಾಸಿನಲ್ಲಿ ಮೂವತ್ತು ಗುರುತು ಬಿದ್ದವು. ಎಲ್ಲರಿಗೂ ಖುಷಿ. ನಾನು ಒಂದನ್ನು ಒತ್ತಿ ನೋಡಿದೆ. ‘ಬಾವಡಿ’ ಅಂತ ಬರೆದಿತ್ತು. ಇನ್ನೊಂದು ಒತ್ತಿದೆ. ‘ಬಾವಡಿ 2’.

ಹೀಗಾಗುವುದು ಸಹಜ. ಇವತ್ತಿನ ಉಪಕರಣಗಳಲ್ಲಿ ಗುರುತು ಹಾಕುವುದು ಅಷ್ಟು ಸಲೀಸು. ನಾವು ಬಳಸಿದ್ದು ಯುಮ್ಯಾಪ್. ಇದು ಓಪನ್‌ಸ್ಟ್ರೀಟ್‌ಮ್ಯಾಪ್ ನಕಾಶೆಯ ಮೇಲೆ ನಮ್ಮದೇ ಗುರುತು, ಗೆರೆ, ಆವರಣ ಬರೆಯಲು ಬಿಡುವ ಉಚಿತ ತಾಣ. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಶುರುವಾದದ್ದು, ಜಗತ್ತಿನ ತುಂಬ ಜನ ಸೇರಿ ಬರೆಯುತ್ತಿರುವ ನಕಾಶೆ. ಹೊಸಬರಿಗೆ ಒಂದು ಗೊಂದಲ ಯಾವಾಗಲೂ ಆಗುತ್ತದೆ. ಯುಮ್ಯಾಪ್‌ನಲ್ಲಿ ನೀವು ಹಾಕಿದ ಗುರುತು ಓಪನ್‌ಸ್ಟ್ರೀಟ್‌ಮ್ಯಾಪ್ ಒಳಗೆ ಹೋಗುವುದಿಲ್ಲ. ನಕಾಶೆಯ ಮೇಲೆ ಬಟರ್ ಪೇಪರ್ ಇಟ್ಟು ಗೀಚಿದ ಹಾಗೆ. ಕಾಗದ ತೆಗೆದರೆ ಕೆಳಗಿನದ್ದು ಇದ್ದ ಹಾಗೇ ಇರುತ್ತದೆ. ‘ಇಲ್ಲೊಂದು ಬಾವಡಿ ಇದೆ’ ಎಂಬಂಥ ಶಾಶ್ವತ ಸಂಗತಿಯನ್ನು ಮೂಲ ನಕಾಶೆಗೇ ಸೇರಿಸಿ. ‘ಇಲ್ಲಿ ನಾವು ಈಜು ಕಲಿತೆವು’ ಎಂಬುದು ಬಟರ್ ಪೇಪರಿನ ಮೇಲೆ ಇರಲಿ.

ಗೂಗಲ್ ಮೈ ಮ್ಯಾಪ್ಸ್ ಕೂಡ ಇದೆ. ಗೂಗಲ್ ಖಾತೆ ಇದ್ದರೆ ಸಾಕು, ಫೋಟೊ ನೇರವಾಗಿ ಹಾಕಬಹುದು. ಒಂದು ನಕಾಶೆಗೆ 10 ಪದರ, ಒಂದು ಪಟ್ಟಿಯಿಂದ ಒಮ್ಮೆಗೆ 2,000 ಸಾಲು ಅಂತ ಮಿತಿ ಇದೆ. ಊರಿನ ಕೆಲಸಕ್ಕೆ ಅದು ಧಾರಾಳ. ಆದರೆ ಅದರ ಆಂಡ್ರಾಯ್ಡ್ ಆಪ್ ಅನ್ನು 2021ರಲ್ಲಿ ನಿಲ್ಲಿಸಿಬಿಟ್ಟರು. ಬಿಸಿಲಲ್ಲಿ ನಿಂತು ಫೋನಿನಲ್ಲಿ ತಿದ್ದುವವರಿಗೆ ಅದು ಕಿರಿಕಿರಿ. ಕಂಪ್ಯೂಟರಿನಲ್ಲಿ ನಕಾಶೆ ಮಾಡುವ ಕ್ಯೂಜಿಐಎಸ್ ತಂತ್ರಾಂಶವೂ ಉಚಿತವೇ, ಬಲು ಶಕ್ತಿಯುತ, ನನ್ನ ದಿನದ ಅನ್ನ ಅದರಲ್ಲೇ ಇದೆ. ಆದರೆ ಹೊಸಬರಿಗೆ ಮೊದಲ ದಿನವೇ ಅದನ್ನು ತೋರಿಸಿದರೆ ಎರಡನೇ ದಿನ ಅರ್ಧ ಜನ ಬರುವುದಿಲ್ಲ.

ಯುಮ್ಯಾಪ್ ಬಗ್ಗೆ ಒಂದು ಎಚ್ಚರಿಕೆ. ಖಾತೆ ಇಲ್ಲದೆಯೂ ಅಲ್ಲಿ ನಕಾಶೆ ಶುರು ಮಾಡಬಹುದು. ಆಗ ತಿದ್ದಲು ಒಂದು ಗುಟ್ಟಿನ ಕೊಂಡಿ ಕೊಡುತ್ತದೆ. ಆ ಕೊಂಡಿ ಕಳೆದರೆ ನಕಾಶೆ ಎಲ್ಲರಿಗೂ ಕಾಣುತ್ತದೆ, ನಿಮ್ಮಿಂದ ಮಾತ್ರ ತಿದ್ದಲು ಆಗುವುದಿಲ್ಲ. ನನ್ನ ಮೊದಲ ನಕಾಶೆ ಹಾಗೇ ಹೋಯಿತು. ಅದರಲ್ಲಿ ಒಂದು ಕಾಗುಣಿತದ ತಪ್ಪು ಇವತ್ತಿಗೂ ನನ್ನನ್ನು ನೋಡಿ ನಗುತ್ತಿದೆ. ಮೊದಲೇ ಓಪನ್‌ಸ್ಟ್ರೀಟ್‌ಮ್ಯಾಪ್ ಖಾತೆ ತೆರೆದು ಒಳಗೆ ಹೋಗಿ. ವಾರಕ್ಕೊಮ್ಮೆ ಪೂರ್ತಿ ನಕಾಶೆಯ ಪ್ರತಿ ಇಳಿಸಿ ಇಟ್ಟುಕೊಳ್ಳಿ.

ಇನ್ನು ಅಂಕಿಗಳ ವಿಷಯ. ಜನ ಜಾಸ್ತಿ ಎಡವುವುದು ಇಲ್ಲೇ. ವಿಜಯಪುರ ಇರುವುದು ಉತ್ತರ ಅಕ್ಷಾಂಶ 16.83, ಪೂರ್ವ ರೇಖಾಂಶ 75.71ರ ಹತ್ತಿರ. ಪಟ್ಟಿಯಲ್ಲಿ ಇವೆರಡು ಅದಲು ಬದಲಾದರೆ ಏನಾಗುತ್ತದೆ ಗೊತ್ತಾ? ನಮ್ಮ ಹುಡುಗಿಯೊಬ್ಬಳು ಪಟ್ಟಿ ಏರಿಸಿದಾಗ ಊರಿನಲ್ಲಿ ಒಂದೂ ಗುರುತು ಕಾಣಲಿಲ್ಲ. ಹುಡುಕಿದರೆ ಎಲ್ಲ ಬಾವಡಿಗಳೂ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ದಕ್ಷಿಣಕ್ಕೆ, ಉತ್ತರ ಧ್ರುವದ ಕಡೆಯ ಕೊರೆಯುವ ಸಮುದ್ರದಲ್ಲಿ ಸಾಲಾಗಿ ತೇಲುತ್ತಿದ್ದವು. ‘ಸರ, ನೀರಿನ್ಯಾಗ ಅಂತೂ ಬಿದ್ದಾವ’ ಅಂದಳು.

ಅದು ಕಣ್ಣಿಗೆ ಬೀಳುವ ತಪ್ಪು, ಹಾಗಾಗಿ ಅಪಾಯ ಕಡಿಮೆ. ಅಪಾಯದ್ದು ಇನ್ನೊಂದಿದೆ. ಹಳೆಯ ಕಡತಗಳಲ್ಲಿ ಜಾಗವನ್ನು ಡಿಗ್ರಿ, ಮಿನಿಟು, ಸೆಕೆಂಡಿನಲ್ಲಿ ಬರೆದಿರುತ್ತಾರೆ. 16 ಡಿಗ್ರಿ 49 ಮಿನಿಟು 48 ಸೆಕೆಂಡು ಅಂದರೆ 16.83. ಅದನ್ನು ಸುಮ್ನೆ 16.4948 ಅಂತ ಬರೆದರೆ, ರೇಖಾಂಶವನ್ನೂ ಹಾಗೇ ಮಾಡಿದರೆ, ವಿಜಯಪುರದ ಬಾವಿ ಐವತ್ತು ಕಿಲೋಮೀಟರ್ ಹತ್ತಿರ ಸರಿದು ಜಮಖಂಡಿ ಕಡೆ ಬೀಳುತ್ತದೆ. ಅಲ್ಲೂ ಊರುಗಳಿವೆ, ಬಾವಿಗಳಿವೆ. ಯಾರಿಗೂ ಅನುಮಾನ ಬರುವುದಿಲ್ಲ. ಮಿನಿಟನ್ನು 60ರಿಂದ, ಸೆಕೆಂಡನ್ನು 3,600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಬೇಕು. ಚುಕ್ಕಿಯ ನಂತರ ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರಿನೊಳಗೆ ಜಾಗ ಸಿಗುತ್ತದೆ, ಐದು ಇದ್ದರೆ ಒಂದು ಮೀಟರಿನ ಆಸುಪಾಸು. ಹತ್ತು ಅಂಕಿ ಬರೆದು ಹೆಮ್ಮೆ ಪಡುವುದು ಬೇಡ. ಬಯಲಿನಲ್ಲೂ ನಿಮ್ಮ ಫೋನಿಗೆ ಐದು ಮೀಟರ್ ಹತ್ತಿರ ಹೆಚ್ಚುಕಡಿಮೆ ಆಗುತ್ತದೆ.

ಕನ್ನಡದವರಿಗೆ ಮಾತ್ರ ಬರುವ ತೊಂದರೆಯೂ ಒಂದಿದೆ. ಕಚೇರಿಯೊಂದರಿಂದ ಬಾವಿಗಳ ಪಟ್ಟಿ ಸಿಕ್ಕಿತು. ತೆರೆದರೆ ಹಳೆಯ ನುಡಿ ಫಾಂಟು. ಕಂಪ್ಯೂಟರಿನಲ್ಲಿ ಆ ಫಾಂಟು ಇದ್ದರೆ ಚಂದದ ಕನ್ನಡ. ನಕಾಶೆಗೆ ಏರಿಸಿದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಟೋಪಿ ಹಾಕಿದ ‘ಎ’ಗಳ ಜಾತ್ರೆ. ನಕಾಶೆಗಳಿಗೆ ಯುನಿಕೋಡ್ ಕನ್ನಡವೇ ಬೇಕು. ಬದಲಾಯಿಸಿ ಕೊಡುವ ಉಚಿತ ತಂತ್ರಾಂಶಗಳಿವೆ. ಬದಲಾಯಿಸಿದ ಮೇಲೆ ಒಂದೊಂದು ಹೆಸರನ್ನೂ ಓದಲೇಬೇಕು, ಅರ್ಕಾವೊತ್ತು ಇರುವ ಕಡೆ ಎಡವಟ್ಟಾಗುತ್ತದೆ. ಎಕ್ಸೆಲ್‌ನಿಂದ ಉಳಿಸುವಾಗ ಬರೀ ಸಿಎಸ್‌ವಿ ಅಲ್ಲ, ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನು ಆರಿಸಿ. ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆಗಳು ಸಾಲುಗಟ್ಟುತ್ತವೆ.

ಸರಿ, ಗುರುತುಗಳು ಕೂತವು. ಈಗ ‘ಬಾವಡಿ 2’ಕ್ಕೆ, ಅಂದರೆ ಗುರುತಿನ ಜೊತೆ ಬರೆಯುವ ಟಿಪ್ಪಣಿಗೆ ಬರೋಣ.

ಮರುದಿನ ಎಲ್ಲರನ್ನೂ ನಡೆಸಿಕೊಂಡು ಹೊರಟೆ. ಬೆಳಿಗ್ಗೆ ಏಳಕ್ಕೇ, ನಮ್ಮೂರಿನ ಏಪ್ರಿಲ್ ನಿಮಗೆ ಗೊತ್ತಲ್ಲ. ಮೊದಲ ಬಾವಡಿಯಲ್ಲೇ ಒಬ್ಬ ಮೆಟ್ಟಿಲಿಳಿದು ಕೆಳಗೆ ನಿಂತು ಫೋನಿನಲ್ಲಿ ಗುರುತು ಹಾಕಿದ. ಅದು ಪಕ್ಕದ ಮನೆಯ ಮಾಳಿಗೆ ಮೇಲೆ ಬಿತ್ತು. ಎತ್ತರದ ಕಲ್ಲಿನ ಗೋಡೆಗಳ ನಡುವೆ ಆಕಾಶ ಚೂರೇ ಕಾಣುತ್ತದೆ, ಉಪಗ್ರಹದ ಸಂಕೇತ ಗೋಡೆಗೆ ಬಡಿದು ಬರುತ್ತದೆ. ಮೇಲೆ ಬಂದು ಮೆಟ್ಟಿಲು ಶುರುವಾಗುವ ಜಾಗದಲ್ಲಿ ಗುರುತಿಸಿ. ಮನೆಗೆ ಬಂದು ಉಪಗ್ರಹ ಚಿತ್ರದ ಮೇಲೆ ಸರಿಪಡಿಸಿ. ನೋಡಲು ಬರುವವರಿಗೂ ಬೇಕಾದ್ದು ಬಾವಿಯ ನಡುಮಧ್ಯ ಅಲ್ಲ, ಇಳಿಯುವ ದಾರಿ.

ಓಣಿಯ ಕಟ್ಟೆ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ‘ಯವ್ವಾ, ಈ ಬಾವಿಗೆ ಏನಂತೀರಿ?’ ಅಂತ ನಮ್ಮ ಹುಡುಗಿ ಕೇಳಿದಳು. ಅಜ್ಜಿ ಒಂದು ಹೆಸರು ಹೇಳಿದರು. ಎದುರಿನ ಅಂಗಡಿಯವರು ‘ಹಂಗಲ್ಲರೀ’ ಅಂತ ಇನ್ನೊಂದು ಹೇಳಿದರು. ನಮ್ಮ ಪಟ್ಟಿಯಲ್ಲಿ ಮೂರನೆಯದಿತ್ತು. ‘ಸರ, ಯಾವುದು ಸರಿ?’ ಅಂತ ಕೇಳಿದಳು. ಮೂರೂ ಸರಿ. ವಿಜಯಪುರದವರಿಗೆ ಇದು ಹೊಸದೇನಲ್ಲ, 2014ರ ನವೆಂಬರ್ 1ರವರೆಗೆ ಕಾಗದದಲ್ಲಿ ಬಿಜಾಪುರದವರಾಗಿದ್ದೆವು, ಮಾತಿನಲ್ಲಿ ಎಷ್ಟೋ ಜನ ಇನ್ನೂ ಇದ್ದೇವೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇದಕ್ಕೆಂದೇ ಬೇರೆ ಬೇರೆ ಖಾನೆಗಳಿವೆ: ಈಗಿನ ಹೆಸರು, ಕನ್ನಡದ ಹೆಸರು, ಹಳೆಯ ಹೆಸರು, ಇನ್ನೊಂದು ಹೆಸರು. ಯುಮ್ಯಾಪ್‌ನಲ್ಲೂ ಒತ್ತಿದಾಗ ತೆರೆಯುವ ಚೌಕದಲ್ಲಿ ಮೂರನ್ನೂ ಬರೆಯಬಹುದು. ಯಾರು ಯಾವ ಹೆಸರಿನಿಂದ ಕರೆಯುತ್ತಾರೆ ಅನ್ನುವುದನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು.

ಆ ಚೌಕದಲ್ಲಿ ಏನು ಬರೆಯಬೇಕು ಅನ್ನುವುದರ ಬಗ್ಗೆ ನಾನು ಸ್ವಲ್ಪ ಹಟಮಾರಿ. ಹುಡುಗರು ಇತಿಹಾಸ ತುಂಬಲು ಓಡುತ್ತಾರೆ. ಯಾವ ಸುಲ್ತಾನ, ಯಾವ ಬೇಗಂ, ಯಾವ ಇಸವಿ. ಚಾಂದ್ ಬಾವಡಿಯನ್ನು ಒಂದನೇ ಅಲಿ ಆದಿಲ್ ಶಾಹ ಕಟ್ಟಿಸಿದ್ದು, ಅವನ ಬೇಗಂ ಚಾಂದ್ ಬೀಬಿಯ ಹೆಸರು ಅದಕ್ಕಿದೆ, ನಿಜ. ಆದರೆ ಅದು ಎಲ್ಲ ಕಡೆ ಸಿಗುತ್ತದೆ. ಮೇಲಿನಿಂದ ನೋಡುವ ಉಪಗ್ರಹಕ್ಕೂ ಪುಸ್ತಕಕ್ಕೂ ಕಾಣದ್ದನ್ನು ಮೊದಲು ಬರೆಯಿರಿ. ಗೇಟಿಗೆ ಬೀಗ ಇತ್ತಾ? ಬೀಗದ ಕೈ ಎಲ್ಲಿ ಕೇಳಬೇಕು? ಮೆಟ್ಟಿಲು ಗಟ್ಟಿ ಇವೆಯಾ? ನೀರು ಎಷ್ಟನೇ ಮೆಟ್ಟಿಲಿಗೆ ಇತ್ತು? ಮತ್ತು ನೋಡಿದ ದಿನಾಂಕ. ದಿನಾಂಕ ಇಲ್ಲದ ‘ನೀರು ಇದೆ’ ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ಬೆಲೆ ಇಲ್ಲ. ಆಗಸ್ಟಿನ ನೀರು ಮೇನಲ್ಲಿ ಇರಬೇಕಲ್ಲ.

ಉದ್ದ ಕೂಡ ಮುಖ್ಯ. ಫೋನಿನಲ್ಲಿ ಆ ಚೌಕ ಅಂಗೈಯಷ್ಟೇ. ನಾಲ್ಕು ಸಾಲು ದಾಟಿದರೆ ಯಾರೂ ಓದುವುದಿಲ್ಲ. ಫೋಟೊ ಒಂದು ಸಾಕು. ಯುಮ್ಯಾಪ್ ಫೋಟೊಗಳನ್ನು ತಾನೇ ಇಟ್ಟುಕೊಳ್ಳುವುದಿಲ್ಲ, ಬೇರೆ ಕಡೆ ಇಟ್ಟು ಕೊಂಡಿ ಕೊಡಬೇಕು. ನಾವೇ ತೆಗೆದ ಫೋಟೊಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿದೆವು. ಅಲ್ಲಿ ಹಾಕಿದ್ದನ್ನು ಯಾರು ಬೇಕಾದರೂ ಬಳಸಬಹುದು, ಅದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಹಾಕಿ.

ಗೆರೆ ಎಳೆಯುವಾಗ ಕೈ ಇನ್ನೂ ಬಿಗಿ ಹಿಡಿಯಬೇಕು. ಆದಿಲ್ ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ಊರಿಗೆ ನೆಲದೊಳಗಿನ ಸುರಂಗದಲ್ಲಿ ನೀರು ಬರುತ್ತಿತ್ತು. ಸುರಂಗ ಬಾವಡಿ ಎಂಬ ಹೆಸರೇ ಅದರಿಂದ ಬಂದದ್ದು. ದಾರಿಯುದ್ದಕ್ಕೂ ಗಾಳಿ-ಬೆಳಕಿಗೆ, ಹೂಳು ತೆಗೆಯಲು ಬಾವಿಯಂಥ ಕಿಂಡಿಗಳು. ಅವುಗಳಲ್ಲಿ ಕೆಲವು ಕಾಣುತ್ತವೆ, ಕೆಲವು ಮುಚ್ಚಿಹೋಗಿವೆ. ಒಬ್ಬ ಹುಡುಗ ಕಂಡ ಕಿಂಡಿಗಳನ್ನೆಲ್ಲ ದಪ್ಪ ನೀಲಿ ಗೆರೆಯಿಂದ ಸೇರಿಸಿ ಊರ ತನಕ ತಂದುಬಿಟ್ಟ. ಬಹಳ ಚಂದ ಕಾಣುತ್ತಿತ್ತು. ಅಳಿಸಲು ಹೇಳಿದೆ. ಅವನಿಗೆ ಸಿಟ್ಟು ಬಂತು. ಸರ್ವೇಯರ್ ಆಗಿ ನಾನು ಕಂಡದ್ದು ಇಷ್ಟೇ: ನಕಾಶೆಯ ಮೇಲೆ ಒಮ್ಮೆ ಬಿದ್ದ ಗೆರೆಯನ್ನು ಜನ ಪ್ರಶ್ನೆ ಮಾಡುವುದಿಲ್ಲ. ನಾಳೆ ಯಾರೋ ಮನೆ ಪಾಯ ತೆಗೆಯುವಾಗ ಅದನ್ನು ನಂಬುತ್ತಾರೆ. ಕೊನೆಗೆ ರಾಜಿ ಆಯಿತು. ಕಣ್ಣಾರೆ ಕಂಡ ಕಿಂಡಿಗಳಿಗೆ ಗುರುತು, ಊಹೆಯ ದಾರಿಗೆ ತೆಳುವಾದ ತುಂಡು ಗೆರೆ, ಒತ್ತಿದರೆ ‘ಇದು ಅಂದಾಜು’ ಎಂಬ ಮಾತು. ಎರಡೂ ಬೇರೆ ಬೇರೆ ಪದರ, ಊಹೆಯ ಪದರವನ್ನು ನೋಡುವವರೇ ಬೇಕಿದ್ದರೆ ತೆರೆಯಬೇಕು.

ನಮ್ಮ ಪಕ್ಕದ ಬಾಗಲಕೋಟೆಯವರಿಗೆ ಇಂಥ ನಕಾಶೆ ಇನ್ನೂ ಜಾಸ್ತಿ ಬೇಕು ಅಂತ ನನಗೆ ಅನ್ನಿಸುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಭಾಗಗಳು ಹೋದವು, ಜನ ನವನಗರದ ಸೆಕ್ಟರುಗಳಿಗೆ ಬಂದರು. ಈಗಿನ ನಕಾಶೆ ಅಲ್ಲಿ ನೀಲಿ ಬಣ್ಣ ತೋರಿಸುತ್ತದೆ, ಅಷ್ಟೇ. ‘ಇಲ್ಲಿ ನಮ್ಮ ಓಣಿ ಇತ್ತು’ ಎಂಬ ಒಂದು ಆವರಣ, ಒಳಗೆ ಎರಡು ಸಾಲು. ಆ ಓಣಿ ಇತ್ತು ಅಂತ ನಕಾಶೆಯಲ್ಲಿ ಹೇಳುವುದು ಆ ಟಿಪ್ಪಣಿ ಮಾತ್ರ. ಅಲ್ಲಿನ ಹಿರಿಯರು ಇರುವಾಗಲೇ ಯಾರಾದರೂ ಮಾಡಬೇಕು.

ಹಾಕಬಾರದ್ದೂ ಇದೆ. ಖಾಸಗಿ ಮನೆಯ ಹಿತ್ತಲ ಬಾವಿ, ಬೋರ್‌ವೆಲ್, ಒಬ್ಬರ ಫೋನ್ ನಂಬರು ಬೇಡ. ‘ಬೀಗದ ಕೈ ಎಡಗಡೆ ಅಂಗಡಿಯಲ್ಲಿ ಕೇಳಿ’ ಸಾಕು, ಹೆಸರು ಯಾಕೆ? ಗೂಗಲ್ ನಕಾಶೆಯಿಂದ ಹೆಸರು ನೋಡಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಬರೆಯುವಂತಿಲ್ಲ, ಪರವಾನಗಿ ಒಪ್ಪುವುದಿಲ್ಲ. ಕೆಳಮೂಲೆಯಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಗಕ್ಕೆ ಸಲ್ಲುವ ಸಾಲನ್ನು ಮರೆಮಾಡಬೇಡಿ. ಇನ್ನೊಂದು, ಇದನ್ನು ಕೇಳಿ ಎಲ್ಲರೂ ಕಣ್ಣು ಬಿಡುತ್ತಾರೆ. ದೇಶದ ಗಡಿಯನ್ನು ಸರ್ವೆ ಆಫ್ ಇಂಡಿಯಾ ತೋರಿಸಿದ ಹಾಗೆ ಅಲ್ಲದೆ ಬೇರೆ ಥರ ತೋರಿಸುವ ನಕಾಶೆ ಪ್ರಕಟಿಸುವುದು 1961ರ ಕಾನೂನಿನ ಪ್ರಕಾರ ಅಪರಾಧ. ನಿಮ್ಮ ಬಾವಿ ನಕಾಶೆಯನ್ನು ದೂರಕ್ಕೆ ಎಳೆದರೆ ಕಾಶ್ಮೀರವೂ ಕಾಣುತ್ತದಲ್ಲ. ನೋಡುವವರು ಊರು ಬಿಟ್ಟು ಹೊರಗೆ ಹೋಗದಂತೆ ಯುಮ್ಯಾಪ್‌ನಲ್ಲಿ ಎಲ್ಲೆ ಹಾಕಬಹುದು. ನಾನು ವಿಜಯಪುರ ತಾಲ್ಲೂಕಿಗೆ ಎಲ್ಲೆ ಹಾಕಿಬಿಡುತ್ತೇನೆ.

ನಕಾಶೆಯ ಕೊಂಡಿ ವಾಟ್ಸಾಪ್‌ನಲ್ಲಿ ಹರಡಿ ವಾರವಾಗಿತ್ತು. ಆ ಓಣಿಯ ಅಂಗಡಿಯವರೇ ಯಾರದೋ ಕೈಯಲ್ಲಿ ಹೇಳಿ ಕಳಿಸಿದರು: ‘ನಿಮ್ಮ ನಕಾಶೆದಾಗ ನೀರು ಹನ್ನೆರಡನೇ ಮೆಟ್ಟಲಕ ಐತಿ ಅಂತ ಐತಿ. ನಿನ್ನೆ ಮಳಿ ಆಗೇತಿ, ಒಂಬತ್ತಕ್ಕ ಬಂದೈತಿ. ತಿದ್ದರಿ.’ ಹುಡುಗಿ ಅವತ್ತು ಸಂಜೆ ಹೋಗಿ ಎಣಿಸಿ ಬಂದಳು. ಎಂಟಕ್ಕೆ ಬಂದಿತ್ತು.