ಅಮೆರಿಕದ ಕಂಟ್ರಾಕ್ಟರ್ ಬರೆದುಕೊಡುವ ಮುಚ್ಚಳಿಕೆ

2021ರ ಜನವರಿಯಲ್ಲಿ ಅಮೆರಿಕದ ಮೋರ್ಸ್‌ಕಾರ್ಪ್ ಎಂಬ ರಕ್ಷಣಾ ಗುತ್ತಿಗೆ ಕಂಪನಿ ತನ್ನ ಕಂಪ್ಯೂಟರ್ ಭದ್ರತೆಗೆ ತಾನೇ ಅಂಕ ಹಾಕಿಕೊಂಡು ಸರ್ಕಾರಕ್ಕೆ ಸಲ್ಲಿಸಿತು: 110ಕ್ಕೆ 104. ಒಂದೂವರೆ ವರ್ಷದ ಮೇಲೆ ಹೊರಗಿನ ಪರಿಣತರು ಬಂದು ಎಣಿಸಿದಾಗ ಸಿಕ್ಕಿದ್ದು ಮೈನಸ್ 142. (ಹೌದು, ಈ ಪರೀಕ್ಷೆಯಲ್ಲಿ ಸೊನ್ನೆಯ ಕೆಳಗೂ ಇಳಿಯಬಹುದು, ತಳ ಮೈನಸ್ 203.) ಕಂಪನಿ ಅಂಕ ತಿದ್ದಿ ತಿಳಿಸಿದ್ದು 2023ರ ಜೂನ್‌ನಲ್ಲಿ. ಅಷ್ಟರಲ್ಲಿ ತನಿಖೆಯ ಸಮನ್ಸ್ ಕೈಸೇರಿ ಮೂರು ತಿಂಗಳಾಗಿತ್ತು. 2025ರ ಮಾರ್ಚ್‌ನಲ್ಲಿ 46 ಲಕ್ಷ ಡಾಲರ್ ಕಟ್ಟಲು ಒಪ್ಪಿ ಪ್ರಕರಣ ರಾಜಿಯಾಯಿತು. ದೂರು ಕೊಟ್ಟವರ ಪಾಲಿಗೆ ಬಂದದ್ದು 8.51 ಲಕ್ಷ ಡಾಲರ್.

ಕಳಪೆ ಕೆಲಸ ಮಾಡಿದರು ಎಂಬ ಆರೋಪ ಇಲ್ಲಿರಲಿಲ್ಲ. ಷರತ್ತು ಪಾಲಿಸದೆ ಬಿಲ್ ಪಡೆದರು ಎನ್ನುವುದೇ ಆರೋಪ. ಅಮೆರಿಕ ಸರ್ಕಾರದ ಜತೆ ವ್ಯವಹರಿಸುವ ಕಂಟ್ರಾಕ್ಟರುಗಳನ್ನು ಇಂದು ನಿಜವಾಗಿ ಕಾಡುವುದು ನಿಯಮದ ಪುಸ್ತಕವಲ್ಲ, ಆ ಪುಸ್ತಕ ನೋಡಿ ತಾವು ಬರೆದುಕೊಡುವ ಮುಚ್ಚಳಿಕೆ.

ಅದರ ಬೇರು 1863ರಲ್ಲಿದೆ. ಅಂತರ್ಯುದ್ಧದ ಕಾಲದಲ್ಲಿ ಸೈನಿಕರಿಗೆ ಹಳೆ ಉಣ್ಣೆ ಹಿಂಜಿ ಮತ್ತೆ ನೇಯ್ದ ಬಟ್ಟೆಯ ಸಮವಸ್ತ್ರ ಬರುತ್ತಿತ್ತು. ಮಳೆಗೆ ನೆನೆದರೆ ಮೈಮೇಲೇ ಹರಿದು ಚಿಂದಿಯಾಗುತ್ತಿತ್ತು. ಆ ಬಟ್ಟೆಯ ಹೆಸರು ‘ಶಾಡಿ’. ಇಂಗ್ಲಿಷಿನಲ್ಲಿ ಕಳಪೆ ಎನ್ನಲು ಈಗಲೂ ಅದೇ ಮಾತು. ಲಿಂಕನ್ ಆಡಳಿತ ತಂದ ಫಾಲ್ಸ್ ಕ್ಲೇಮ್ಸ್ ಆ್ಯಕ್ಟ್, ಸುಳ್ಳು ಬಿಲ್ ಕೊಟ್ಟವರ ಮೇಲೆ ಸರ್ಕಾರದ ಪರವಾಗಿ ಯಾರು ಬೇಕಾದರೂ ದಾವೆ ಹೂಡಬಹುದು, ಗೆದ್ದರೆ ಪಾಲೂ ಉಂಟು ಎಂದಿತು. 1986ರ ತಿದ್ದುಪಡಿಯ ನಂತರ ನಷ್ಟದ ಮೂರು ಪಟ್ಟು ವಸೂಲಿ ಮಾಡಬಹುದಾಯಿತು. ದೂರು ಕೊಟ್ಟವರಿಗೆ ಸಾಮಾನ್ಯವಾಗಿ ಸಿಗುವ ಪಾಲು ನೂರಕ್ಕೆ 15ರಿಂದ 30. ಹಾಗಾಗಿ ಕಂಪನಿಗೆ ಆಡಿಟರ್‌ಗಿಂತ ಹೆಚ್ಚಿನ ಭಯ ಒಳಗೇ ಕೂತಿರುವ ನೌಕರನದು.

ಖರೀದಿ ನಿಯಮಗಳ ಕಥೆ ಬೇರೆ ದಾರಿಯಲ್ಲಿ ಬೆಳೆಯಿತು. ಎರಡನೇ ಮಹಾಯುದ್ಧದ ನಂತರ ಸೇನೆಗೆ 1948ರಲ್ಲಿ ಒಂದು ಕಾಯ್ದೆ ಬಂತು, ನಾಗರಿಕ ಇಲಾಖೆಗಳಿಗೆ 1949ರಲ್ಲಿ ಇನ್ನೊಂದು. ಒಂದೇ ಸರ್ಕಾರಕ್ಕೆ ಎರಡು ನಿಯಮಾವಳಿ. ಇವೆರಡನ್ನೂ ಸೇರಿಸಿದ ಫೆಡರಲ್ ಅಕ್ವಿಸಿಷನ್ ರೆಗ್ಯುಲೇಷನ್, ಅಲ್ಲಿನವರ ಬಾಯಲ್ಲಿ ‘ಫಾರ್’, ಜಾರಿಗೆ ಬಂದದ್ದು 1984ರ ಏಪ್ರಿಲ್ 1ರಂದು. ದಿನಾಂಕ ನೋಡಿ ನಕ್ಕವರು ಆಗಲೂ ಇದ್ದಿರಬೇಕು.

ಅದೇ ಹೊತ್ತಿಗೆ ಪತ್ರಿಕೆಗಳಲ್ಲಿ ಸೇನೆ ಕೊಂಡ 435 ಡಾಲರಿನ ಸುತ್ತಿಗೆ ಸದ್ದು ಮಾಡುತ್ತಿತ್ತು. ಬೆನ್ನಿಗೇ 640 ಡಾಲರಿನ ಟಾಯ್ಲೆಟ್ ಸೀಟು ಬಂತು. ಸುತ್ತಿಗೆಗೆ ಯಾರೂ ನಿಜವಾಗಿ ಅಷ್ಟು ಬೆಲೆ ಕಟ್ಟಿರಲಿಲ್ಲ: ಇಡೀ ಆರ್ಡರಿನ ಮೇಲ್ಖರ್ಚನ್ನು ಪಟ್ಟಿಯಲ್ಲಿದ್ದ ಎಲ್ಲ ಐಟಂಗಳಿಗೂ ಸಮನಾಗಿ ಹಂಚಿದ್ದರಿಂದ ದೊಡ್ಡ ಯಂತ್ರದ ಪಾಲಿನಷ್ಟೇ ಸುತ್ತಿಗೆಯ ತಲೆಗೂ ಬಿದ್ದಿತ್ತು. ಆದರೆ ಲೆಕ್ಕದ ಪದ್ಧತಿಯನ್ನು ಯಾರು ಕೇಳುತ್ತಾರೆ? ಹಗರಣವೊಂದು ಬಂದರೆ ಹಿಂದೆಯೇ ಹೊಸ ನಿಯಮ, ಇನ್ನೊಂದು ಪ್ರಮಾಣಪತ್ರ. 1986ರಲ್ಲಿ ಶುರುವಾದ ‘ಇಲ್ ವಿಂಡ್’ ತನಿಖೆ ಪೆಂಟಗನ್ ಟೆಂಡರುಗಳ ಒಳಗುಟ್ಟು ಮಾರಾಟವಾಗುತ್ತಿದ್ದುದನ್ನು ಬಯಲಿಗೆಳೆಯಿತು. ಎರಡು ವರ್ಷಕ್ಕೆ ಅದಕ್ಕೂ ಒಂದು ಕಾಯ್ದೆ. 1994 ಮತ್ತು 1996ರ ಕಾಯ್ದೆಗಳು, ಅಂಗಡಿಯಲ್ಲಿ ಸಿಗುವ ಸಾಮಾನನ್ನು ಅಂಗಡಿಯಲ್ಲಿ ಕೊಳ್ಳುವಂತೆಯೇ ಕೊಳ್ಳಿ ಎಂದು ಸ್ವಲ್ಪ ಗಂಟು ಸಡಿಲಿಸಿದವು. ಆಮೇಲೆ ಮತ್ತೆ ಬಿಗಿ. ಫಾರ್ ಎರಡು ಸಾವಿರ ಪುಟ ದಾಟಿತು.

ಪುಸ್ತಕದಲ್ಲಿ ಇದ್ದರೇನು, ನನ್ನ ಒಪ್ಪಂದದಲ್ಲಿ ಇಲ್ಲವಲ್ಲ ಎಂದು ಸುಮ್ಮನಿರುವಂತೆಯೂ ಇಲ್ಲ. ಲೂಸಿಯಾನಾದ ಫೋರ್ಟ್ ಪೋಕ್ ಸೇನಾ ನೆಲೆಯಲ್ಲಿ ಮನೆ ಕಟ್ಟುವ ಗುತ್ತಿಗೆಯನ್ನು ಸರ್ಕಾರ ನಡುವೆಯೇ ರದ್ದು ಮಾಡಿತ್ತು. ಬರಬೇಕಿದ್ದ ಲಾಭವನ್ನೂ ಕೊಡಿ ಎಂದ ಕಂಟ್ರಾಕ್ಟರ್. ಸರ್ಕಾರ ತನಗೆ ಬೇಕೆಂದಾಗ ರದ್ದು ಮಾಡಬಹುದೆಂಬ ಷರತ್ತು ಒಪ್ಪಂದದಲ್ಲಿ ಇರಲೇ ಇಲ್ಲ. ನಿಯಮಾವಳಿ ಕಡ್ಡಾಯ ಮಾಡಿದ ಷರತ್ತು, ಅಚ್ಚಾಗದಿದ್ದರೂ ಇದ್ದಂತೆಯೇ ಎಂದು 1963ರಲ್ಲಿ ಕೋರ್ಟ್ ಹೇಳಿತು. ಕಕ್ಷಿದಾರ ಕಂಪನಿಯ ಹೆಸರಿನಿಂದ ಅದು ‘ಕ್ರಿಶ್ಚಿಯನ್ ಡಾಕ್ಟ್ರಿನ್’ ಎಂದೇ ಪ್ರಸಿದ್ಧ.

2025ರಲ್ಲಿ ಗಾಳಿ ತಿರುಗಿತು. ಏಪ್ರಿಲ್ 15ರಂದು ಟ್ರಂಪ್ ಹೊರಡಿಸಿದ ಆದೇಶ, ಕಾನೂನು ಕಡ್ಡಾಯ ಮಾಡಿದ್ದನ್ನೂ ತೀರಾ ಅಗತ್ಯವಾದದ್ದನ್ನೂ ಉಳಿಸಿಕೊಂಡು ಮಿಕ್ಕಿದ್ದನ್ನು ಫಾರ್‌ನಿಂದ ಕಿತ್ತುಹಾಕಿ ಎಂದಿತು. ಪುಸ್ತಕ ತೆಳುವಾದರೆ ಸಂತೋಷವೇ. ತೊಡಕಾದದ್ದು ದಾರಿ. ವಿಧಿವತ್ತಾದ ತಿದ್ದುಪಡಿ ಆಗುವ ಮೊದಲೇ ಹೊಸ ಪಠ್ಯ ಭಾಗ ಭಾಗವಾಗಿ ಹೊರಬಿತ್ತು. ಒಂದೊಂದು ಇಲಾಖೆಯೂ ‘ಡೀವಿಯೇಷನ್’, ಅಂದರೆ ಜಾರಿಯಲ್ಲಿರುವ ನಿಯಮ ಬಿಟ್ಟು ನಡೆಯುವ ಅನುಮತಿ, ಎಂಬ ಹೆಸರಿನಲ್ಲಿ ಅದನ್ನು ಬಳಸತೊಡಗಿತು. ಎರಡು ಇಲಾಖೆಗೆ ಕೆಲಸ ಮಾಡುವ ಸಣ್ಣ ಕಂಪನಿಯ ಮೇಜಿನ ಮೇಲೆ ಹಳೆ ಪಠ್ಯದ ಒಂದು ಒಪ್ಪಂದ, ಹೊಸ ಪಠ್ಯದ ಇನ್ನೊಂದು.

ಇದಕ್ಕಿಂತ ವಿಚಿತ್ರ ಉದ್ಯೋಗ ನಿಯಮದ ಪಾಡು. 1965ರಲ್ಲಿ ಅಧ್ಯಕ್ಷ ಜಾನ್ಸನ್ ಹೊರಡಿಸಿ ಮುಂದೆ ವಿಸ್ತರಿಸಿದ ಆದೇಶ ಮತ್ತು ಅದರಡಿ ಬಂದ ನಿಯಮಗಳ ಪ್ರಕಾರ 50 ನೌಕರರು, 50,000 ಡಾಲರಿನ ಗುತ್ತಿಗೆ ಇದ್ದವರು ಮಹಿಳೆಯರಿಗೂ ಅಲ್ಪಸಂಖ್ಯಾತ ಜನಾಂಗದವರಿಗೂ ಅವಕಾಶ ಹೆಚ್ಚಿಸುವ ಲಿಖಿತ ಯೋಜನೆ ಇಟ್ಟುಕೊಳ್ಳಬೇಕಿತ್ತು. 2025ರ ಜನವರಿ 21ರಂದು ಅದು ರದ್ದಾಯಿತು. ಜತೆಗೆ, ಕಾನೂನುಬಾಹಿರ ವೈವಿಧ್ಯ ಕಾರ್ಯಕ್ರಮ ನಡೆಸುತ್ತಿಲ್ಲ ಎಂದು ಬರೆದುಕೊಡಿ, ಅದು ಫಾಲ್ಸ್ ಕ್ಲೇಮ್ಸ್ ಕಾಯ್ದೆಯಡಿ ಬಿಲ್ ಪಾವತಿಗೆ ಮುಖ್ಯ ಸಂಗತಿಯೆಂದೂ ಒಪ್ಪಿ ಎಂಬ ಹೊಸ ಷರತ್ತು. ಯಾವುದು ಕಾನೂನುಬಾಹಿರ ಎಂಬ ಜಗಳ ಕೋರ್ಟಿಗೆ ಹೋಯಿತು. ನಿನ್ನೆ ಫೈಲಿನಲ್ಲಿ ಇರದಿದ್ದರೆ ತಪ್ಪಾಗುತ್ತಿದ್ದ ಕಾಗದವನ್ನು ಇಂದು ವಕೀಲರಿಗೆ ತೋರಿಸಿ, ಇದು ಇರಬಹುದೇ ಎಂದು ಕೇಳಬೇಕು.

ಕಂಪ್ಯೂಟರ್ ಭದ್ರತೆಯ ನಿಯಮ ಮಾತ್ರ ಈ ಕತ್ತರಿಗೆ ಸಿಗಲಿಲ್ಲ, ಬಿಗಿಯಾಯಿತು. ರಕ್ಷಣಾ ಕಂಟ್ರಾಕ್ಟರುಗಳು 110 ಅಂಶಗಳ ಪಟ್ಟಿ ಪಾಲಿಸಲು 2017ರ ಡಿಸೆಂಬರ್ 31 ಗಡುವಾಗಿತ್ತು. ಪಾಲಿಸಿದ್ದೇವೆ ಎಂದವರ ಮಾತನ್ನೇ ಸರ್ಕಾರ ನಂಬಿತು. ಆ ನಂಬಿಕೆ ಸಾಲದೆ ಹುಟ್ಟಿದ್ದು ‘ಸಿಎಂಎಂಸಿ’, ರಕ್ಷಣಾ ಕಂಟ್ರಾಕ್ಟರುಗಳ ಕಂಪ್ಯೂಟರ್ ಭದ್ರತೆಯನ್ನು ಅಳೆದು ಪ್ರಮಾಣೀಕರಿಸುವ ವ್ಯವಸ್ಥೆ. 2025ರ ನವೆಂಬರ್ 10ರಿಂದ ಮೊದಲ ಹಂತ, ಹೆಚ್ಚಾಗಿ ಸ್ವಂತ ಮೌಲ್ಯಮಾಪನ. 2026ರ ನವೆಂಬರ್ 10ರಿಂದ ಎರಡನೆಯದು, ಸೂಕ್ಷ್ಮ ಮಾಹಿತಿ ಇರುವ ಗುತ್ತಿಗೆಗಳಿಗೆ ಹೊರಗಿನ ತಪಾಸಕರು.

ಹತ್ತು ಜನರ ಒಂದು ಲೇತ್ ಶೆಡ್ ಎಂದುಕೊಳ್ಳಿ. ಯುದ್ಧವಿಮಾನದ ಒಂದು ಬ್ರಾಕೆಟ್ ಮಾಡಿಕೊಡುತ್ತಾರೆ. ಡ್ರಾಯಿಂಗ್ ಇ-ಮೇಲ್‌ನಲ್ಲಿ ಬರುತ್ತದೆ, ಅದೇ ಕಂಪ್ಯೂಟರಿನಲ್ಲಿ ಮಗಳ ಹೋಂವರ್ಕೂ ಪ್ರಿಂಟ್ ಆಗುತ್ತದೆ. ಕೆಲಸ ಬಿಟ್ಟವನ ಲಾಗಿನ್ ತೆಗೆದಿದ್ದಾರೆಯೇ, ಪಾಸ್‌ವರ್ಡ್ ಜತೆ ಎರಡನೇ ಕೋಡ್ ಕೇಳುತ್ತದೆಯೇ, ಒಳಗೆ ಬಂದ ಅಪರಿಚಿತರ ಜತೆ ಯಾರಾದರೂ ಇರುತ್ತಾರೆಯೇ? ಒಂದೊಂದು ಕೊರತೆಗೂ 1, 3 ಅಥವಾ 5 ಅಂಕ ಕಡಿತ. ಕೊರತೆ ಇದ್ದೂ ಷರತ್ತಿನ ಮೇಲೆ ಪಾಸಾಗಲು ಕನಿಷ್ಠ 88 ಬೇಕು, ಉಳಿದದ್ದನ್ನು 180 ದಿನದಲ್ಲಿ ಸರಿಪಡಿಸಬೇಕು. ಅದರ ಮೇಲೆ ಪ್ರತಿ ವರ್ಷ ಹಿರಿಯ ಅಧಿಕಾರಿಯೊಬ್ಬರು, ಈ ಶೆಡ್‌ನಲ್ಲಾದರೆ ಮಾಲೀಕರೇ, ಎಲ್ಲವೂ ಸರಿಯಿದೆ ಎಂದು ದೃಢಪಡಿಸಬೇಕು.

ದೊಡ್ಡ ಕಂಪನಿಗೆ ಇದಕ್ಕೆಂದೇ ಒಂದು ವಿಭಾಗ ಇರುತ್ತದೆ. ಶೆಡ್ಡಿನವರಿಗೆ ಇರುವ ಆಸರೆ, ರಕ್ಷಣಾ ಇಲಾಖೆಯ ದುಡ್ಡಿನಲ್ಲಿ ನಡೆಯುವ ‘ಏಪೆಕ್ಸ್ ಆ್ಯಕ್ಸಲರೇಟರ್’ ಸಲಹಾ ಕೇಂದ್ರಗಳು. 1985ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದ ಇವು ಟೆಂಡರ್ ಹುಡುಕುವುದರಿಂದ ಹಿಡಿದು ಷರತ್ತು ಓದಿಸುವವರೆಗೆ ನೆರವಾಗುತ್ತವೆ.

ಈ ಸರಪಳಿ ನಮ್ಮೂರಿನ ಹತ್ತಿರಕ್ಕೂ ಬರುತ್ತದೆ. ಬೋಯಿಂಗ್‌ನ ಚಿನೂಕ್ ಹೆಲಿಕಾಪ್ಟರಿನ ಹಿಂಬದಿಯ ಭಾಗಗಳನ್ನು ಬೆಂಗಳೂರಿನ ಡೈನಮ್ಯಾಟಿಕ್ ತಯಾರಿಸಿದೆ. ಅಮೆರಿಕದ ಮುಖ್ಯ ಗುತ್ತಿಗೆದಾರರು ತಾವು ಒಪ್ಪಿದ ಷರತ್ತುಗಳಲ್ಲಿ ಹಲವನ್ನು ಸಬ್ ಕಂಟ್ರಾಕ್ಟರುಗಳಿಗೂ ದಾಟಿಸಲೇಬೇಕು, ಮತ್ತು ವಿದೇಶಿ ಕಂಪನಿ ಎಂಬ ಕಾರಣಕ್ಕೆ ಸಿಎಂಎಂಸಿಯಲ್ಲಿ ರಿಯಾಯಿತಿ ಇಲ್ಲ. ಅಂಥ ಆರ್ಡರ್ ಹಿಡಿಯುವ ಪೀಣ್ಯದ ಮಾಲೀಕರು ರೇಟು ಕೋಟ್ ಮಾಡುವಾಗ ಉಕ್ಕು, ಕೂಲಿ, ಕರೆಂಟಿನ ಜತೆಗೆ ಇದರ ಖರ್ಚನ್ನೂ ಬರೆದುಕೊಳ್ಳಬೇಕು. ಆರ್ಡರ್ ಕೈಗೆ ಬಂದಮೇಲೆ ಅದನ್ನು ಸೇರಿಸಲು ಆಗುವುದಿಲ್ಲ.